ಗುಂಡಿ ಕೇಳುತ್ತದೆ, ರಿಲೇ ಕೊಡುತ್ತದೆ

ಗುಂಡಿ ಒತ್ತಿ ಚಾಲೂ ಮಾಡುವ ನನ್ನ ಕಾರಿನ ಎಂಜಿನ್ ಎಂದಿನಂತೆ ಸ್ಟಾರ್ಟ್ ಆಗುತ್ತಿತ್ತು. ಆದರೆ ಆಡಿಯೊ ಪರದೆಯಾಗಲಿ, ಮೊಬೈಲ್ ಚಾರ್ಜ್ ಮಾಡುವ ಸಾಕೆಟ್ ಆಗಲಿ ಜೀವ ಹಿಡಿಯುತ್ತಿರಲಿಲ್ಲ. ಫ್ಯೂಸ್ ಹೋಗಿರಬೇಕೆಂದು ಎರಡು ಬಾರಿ ಹೊಸದನ್ನು ಹಾಕಿದೆ. ತೆಗೆದಿಟ್ಟ ಎರಡರ ತಂತಿಯೂ ಸರಿಯಾಗಿಯೇ ಇತ್ತೆಂಬುದನ್ನು ಗಮನಿಸಿದ್ದು ಆಮೇಲೆ.

ಕೀಲಿ ತಿರುಗಿಸುವ ಹಳೆಯ ಪದ್ಧತಿಯಲ್ಲಿ ಬಹುಮಟ್ಟಿಗೆ ಸ್ವಿಚ್ಚಿನ ಮೂಲಕವೇ ಕರೆಂಟ್ ಹರಿಯುತ್ತದೆ. ಗುಂಡಿಯ ವಾಹನದಲ್ಲಿ ಹಾಗಲ್ಲ: ಗುಂಡಿ ಕೋರಿಕೆಯನ್ನಷ್ಟೇ ಸಲ್ಲಿಸುತ್ತದೆ, ಕೀ ಒಳಗಿದೆಯೇ, ಬ್ರೇಕ್ ಒತ್ತಲಾಗಿದೆಯೇ, ಗೇರ್ ಎಲ್ಲಿದೆ ಎಂಬುದನ್ನು ನಿಯಂತ್ರಣ ಘಟಕ ನೋಡಿಕೊಂಡು ಆಕ್ಸೆಸರಿ (ಆಡಿಯೊ, ಸಾಕೆಟ್‌ನಂತಹವು) ಮತ್ತು ಇಗ್ನಿಷನ್ (ಎಂಜಿನ್ ನಡೆಸುವ ವಿದ್ಯುತ್) ರಿಲೇಗಳಿಗೆ, ಅಂದರೆ ಆಜ್ಞೆ ಬಂದಾಗ ಕರೆಂಟ್ ಹರಿಸುವ ವಿದ್ಯುತ್ ಸ್ವಿಚ್ಚುಗಳಿಗೆ, ಆಜ್ಞೆ ಕೊಡುತ್ತದೆ. ಆದ್ದರಿಂದ ಕೋರಿಕೆ ತಲುಪಲಿಲ್ಲವೋ, ಆಜ್ಞೆ ಹೊರಡಲಿಲ್ಲವೋ, ಅಥವಾ ಆಜ್ಞೆ ಹೊರಟರೂ ಕರೆಂಟ್ ಬರಲಿಲ್ಲವೋ ಎಂಬುದನ್ನು ಮೊದಲು ಬೇರ್ಪಡಿಸಬೇಕು.

ಇದಕ್ಕೆ ಆರಂಭದಲ್ಲಿ ಉಪಕರಣವೇ ಬೇಡ. ಬ್ರೇಕ್ ಮೇಲೆ ಕಾಲಿಡದೆ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಮೊದಲು ಆಕ್ಸೆಸರಿ, ಮತ್ತೊಮ್ಮೆ ಒತ್ತಿದರೆ ಇಗ್ನಿಷನ್ ಬರುತ್ತದೆ. ಬ್ರೇಕ್ ಮುಟ್ಟದಿದ್ದರೂ ಎಂಜಿನ್ ಸ್ಟಾರ್ಟ್ ಆಗುತ್ತಿದ್ದರೆ ಬ್ರೇಕ್ ಸ್ವಿಚ್ ಅಂಟಿಕೊಂಡಿರಬಹುದು. ಹಿಂದಿನ ಬ್ರೇಕ್ ದೀಪ ಆರದೆ ಉರಿಯುತ್ತಿರುವುದು ಅದರ ಗುರುತು. ಎಂಜಿನ್ ನಿಲ್ಲಿಸಿದಾಗ ವಾಹನ ಪೂರ್ತಿ ಆಫ್ ಆಗದೆ ಆಕ್ಸೆಸರಿಯಲ್ಲೇ ಉಳಿದರೆ, ಗೇರ್ ಪಾರ್ಕ್‌ನಲ್ಲಿದೆ ಎಂಬುದು ಘಟಕಕ್ಕೆ ತಿಳಿದಿಲ್ಲವೆಂದು ಶಂಕಿಸಬೇಕು. ಇದನ್ನು ಹಾಗೇ ಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತದೆ. ಸ್ವಲ್ಪ ಹೊತ್ತಿನ ನಂತರ ಆಕ್ಸೆಸರಿ ತಾನಾಗಿ ಆರುವುದು ಮಾತ್ರ ಹಲವು ವಾಹನಗಳಲ್ಲಿ ದೋಷವಲ್ಲ.

ನನ್ನ ಕಾರಿನಲ್ಲಿ ಇವೆಲ್ಲ ಸರಿಯಿದ್ದವು. ಬ್ಯಾಟರಿಯೂ ನಿಂತಲ್ಲಿ 12.5 ವೋಲ್ಟ್ ತೋರಿಸಿತು. ಫ್ಯೂಸಿನ ತಲೆಯ ಮೇಲೆ ಲೋಹ ಕಾಣುವ ಎರಡು ಸಣ್ಣ ಚುಕ್ಕೆಗಳಿರುತ್ತವೆ. ಆಕ್ಸೆಸರಿ ಆನ್ ಇದ್ದಾಗ ಟೆಸ್ಟ್ ಲ್ಯಾಂಪಿನ (ಕರೆಂಟ್ ಇದ್ದರೆ ಹತ್ತುವ, ಒಂದು ತುದಿಯನ್ನು ಕಾರಿನ ಲೋಹಕ್ಕೆ ಸಿಕ್ಕಿಸುವ ಪುಟ್ಟ ದೀಪ) ಮೊನೆಯನ್ನು ಎರಡಕ್ಕೂ ತಾಗಿಸಬೇಕು. ಒಂದು ಬದಿಗೆ ಮಾತ್ರ ದೀಪ ಹತ್ತಿದರೆ ಫ್ಯೂಸ್ ಸುಟ್ಟಿದೆ, ಎರಡೂ ಬದಿಗೆ ಹತ್ತಿದರೆ ದೋಷ ಮುಂದಿದೆ. ನನಗೆ ಯಾವ ಬದಿಗೂ ಹತ್ತಲಿಲ್ಲ, ಅಂದರೆ ಕರೆಂಟ್ ಫ್ಯೂಸಿನವರೆಗೇ ಬಂದಿರಲಿಲ್ಲ. (ಏರ್‌ಬ್ಯಾಗಿನ ಹಳದಿ ವೈರುಗಳಿಗೆ ಈ ದೀಪವನ್ನು ಎಂದಿಗೂ ತಾಗಿಸಬಾರದು.)

ಗುಂಡಿ ಒತ್ತಿದಾಗ ಆಕ್ಸೆಸರಿ ರಿಲೇ ಟಿಕ್ ಎನ್ನುತ್ತಿತ್ತು, ಎಂದರೆ ಆಜ್ಞೆ ತಲುಪುತ್ತಿತ್ತು. ಅದೇ ನಂಬರಿನ ಬೇರೊಂದು ರಿಲೇ ಹಾಕಿದರೂ ಫಲವಿಲ್ಲ. ರಿಲೇ ತೆಗೆದು, ಬ್ಯಾಟರಿಯಿಂದ ಸದಾ ಕರೆಂಟ್ ಬರಬೇಕಾದ 30ನೇ ಟರ್ಮಿನಲ್‌ನ ಜಾಗಕ್ಕೆ ಮಲ್ಟಿಮೀಟರ್ ಇಟ್ಟೆ: 12.4 ವೋಲ್ಟ್. ಅಲ್ಲಿಗೇ ನಿಲ್ಲಿಸಿದ್ದರೆ ತಪ್ಪು ದಾರಿ ಹಿಡಿಯುತ್ತಿದ್ದೆ. ಅದೇ ಜಾಗಕ್ಕೆ ಟೆಸ್ಟ್ ಲ್ಯಾಂಪ್ ತಾಗಿಸಿದಾಗ ದೀಪದೊಳಗಿನ ತಂತಿ ಕೆಂಪಗೂ ಆಗಲಿಲ್ಲ. ಮೀಟರ್ ಎಳೆಯುವ ಕರೆಂಟ್ ತೀರಾ ಕಡಿಮೆಯಾದ್ದರಿಂದ ಕೆಟ್ಟ ಸಂಪರ್ಕದ ಮೂಲಕವೂ ಅದಕ್ಕೆ ಪೂರ್ಣ ವೋಲ್ಟೇಜ್ ಕಾಣುತ್ತದೆ. ದೀಪದಂತಹ ಹೊರೆ ಬಿದ್ದೊಡನೆ ಅದು ಕುಸಿಯುತ್ತದೆ.

ಬ್ಯಾಟರಿಯ ನೆಗೆಟಿವ್ ಕಳಚಿ ಫ್ಯೂಸ್ ಪೆಟ್ಟಿಗೆಯನ್ನು ಮಗುಚಿದಾಗ, ಆ ಟರ್ಮಿನಲ್‌ಗೆ ವೈರ್ ಸೇರುವಲ್ಲಿ ಹಸಿರು ಕಿಲುಬು ಪುಡಿಯಾಗಿ ಉದುರಿತು. ಹೊಸ ಟರ್ಮಿನಲ್ ಕ್ರಿಂಪ್ ಮಾಡಿಸಿದ ಮೇಲೆ, ಚಾರ್ಜರ್ ಮತ್ತು ಆಡಿಯೊ ಎರಡೂ ನಡೆಯುತ್ತಿರುವಾಗ ಬ್ಯಾಟರಿಗೂ ಆ ಫ್ಯೂಸಿಗೂ ನಡುವಿನ ವೋಲ್ಟೇಜ್ ಇಳಿಕೆ 0.2 ವೋಲ್ಟ್ ದಾಟಲಿಲ್ಲ.