ಕಣ್ಣು, ಅಂಗಾಂಗ ದಾನದ ಕಾರ್ಡ್ ಮಾಡಿಸಿದ್ದೀರಿ, ಮನೆಯಲ್ಲಿ ಹೇಳಿದ್ದೀರಾ?

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದ ಮೇಲೆ ರಾಜ್ಯದಾದ್ಯಂತ ಜನ ಹೆಸರು ನೋಂದಾಯಿಸಲು ಮುಂದೆ ಬಂದರು. ಕೊಡುವ ಮನಸ್ಸಿಗೆ ನಮ್ಮ ಕೊಡಗಿನಲ್ಲೂ ಬರವಿಲ್ಲ. ಆದರೂ ದಾನ ತಪ್ಪಿಹೋಗುತ್ತದೆ. ಯಾವ ಸಾವಿನಲ್ಲಿ ಏನು ಕೊಡಬಹುದು ಎನ್ನುವುದೇ ಮನೆಯವರಿಗೆ ಗೊತ್ತಿರುವುದಿಲ್ಲ.

ಹೃದಯ ನಿಂತು ಮನೆಯಲ್ಲೇ ತೀರಿಕೊಂಡರೆ ಮುಖ್ಯವಾಗಿ ಕಣ್ಣು ಕೊಡಬಹುದು. ಕಿಡ್ನಿ, ಲಿವರ್, ಹೃದಯ ಕೊಡಬೇಕಾದರೆ ಮಿದುಳು ನಿಷ್ಕ್ರಿಯವಾಗಿದ್ದು, ವೆಂಟಿಲೇಟರ್ ಬಲದಿಂದ ಅಂಗಗಳಿಗೆ ರಕ್ತ ಹೋಗುತ್ತಿರಬೇಕು. ಅದೇ ವರ್ಷ ಬೈಕ್ ಅಪಘಾತದ ನಂತರ ನಟ ಸಂಚಾರಿ ವಿಜಯ್ ಅವರ ಅಂಗಾಂಗ ದಾನ ಸಾಧ್ಯವಾದದ್ದು ಹಾಗೆ.

ಸಾವಿನ ನಂತರ ಕಣ್ಣು ತೆಗೆಯಲು ಇರುವುದು 6 ಗಂಟೆಯ ಅವಧಿ. ಕಕ್ಕಡದ (ಕೊಡವರ ಮಳೆಗಾಲದ ತಿಂಗಳು) ಮಳೆಯಲ್ಲಿ ನೆಟ್‌ವರ್ಕ್ ಇಲ್ಲದ ತೋಟದ ಮನೆ, ರಸ್ತೆಗೆ ಬಿದ್ದ ಮರ. ನೆಂಟರಿಗೆಲ್ಲ ಸುದ್ದಿ ಮುಟ್ಟಿಸಿ ಆಮೇಲೆ ನೋಡೋಣ ಎಂದರೆ ಹೊತ್ತು ಮೀರಿರುತ್ತದೆ. ಮೊದಲ ಫೋನ್ ನೇತ್ರ ಬ್ಯಾಂಕಿಗೇ ಹೋಗಲಿ. ನಂಬರ್ ಗೋಡೆಯ ಕ್ಯಾಲೆಂಡರ್ ಮೇಲೆ ಇವತ್ತೇ ಬರೆದಿಡಿ. ಫ್ಯಾನ್ ಆರಿಸಿ, ಗಾಳಿಗೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಣಗುತ್ತದೆ. ರೆಪ್ಪೆ ಮುಚ್ಚಿ, ಶುದ್ಧ ನೀರಿನಲ್ಲಿ ಅದ್ದಿದ ಹತ್ತಿ ಇಡಿ. ತಲೆಯ ಕೆಳಗೆ ಎರಡು ದಿಂಬು ಕೊಟ್ಟು ಎತ್ತರಿಸಿ. ವೈದ್ಯರ ಮರಣ ದೃಢೀಕರಣ ಕೈಯಲ್ಲಿರಲಿ. ತಂಡ ಬಂದರೆ ಅರ್ಧ ಗಂಟೆಯೊಳಗಿನ ಕೆಲಸ, ಪರೀಕ್ಷೆಗೆ ಸ್ವಲ್ಪ ರಕ್ತವನ್ನೂ ತೆಗೆಯುತ್ತಾರೆ. ಮುಖ ವಿಕಾರವಾಗುವುದಿಲ್ಲ. ಕನ್ನಡಕ, ಪೊರೆ ಆಪರೇಷನ್, ಸಕ್ಕರೆ ಕಾಯಿಲೆ ಯಾವುದೂ ಅಡ್ಡಿಯಲ್ಲ. ರೇಬೀಸ್, ಎಚ್‌ಐವಿ, ಹೆಪಟೈಟಿಸ್ ಬಿಯಂಥ ಕೆಲವು ಕಾಯಿಲೆಗಳಿದ್ದರೆ ತೆಗೆದುಕೊಳ್ಳುವುದಿಲ್ಲ.

ಅಂಗಾಂಗದ ಮಾತು ಕಷ್ಟದ್ದು. ತಲೆಗೆ ದೊಡ್ಡ ಪೆಟ್ಟು ಬಿದ್ದವರನ್ನು ಇಲ್ಲಿಂದ ಸಾಮಾನ್ಯವಾಗಿ ಮೈಸೂರಿಗೋ ಮಂಗಳೂರಿಗೋ ಕಳಿಸುತ್ತಾರೆ. ಮನೆಯವರು ಅಲ್ಲಿನ ಐಸಿಯು ಬಾಗಿಲಲ್ಲಿ ನಿಂತು ತೀರ್ಮಾನ ಮಾಡಬೇಕು. ಮೈ ಬೆಚ್ಚಗಿದೆ, ಎದೆ ಏರಿಳಿಯುತ್ತಿದೆ. ಹೋಗಿಬಿಟ್ಟಿದ್ದಾರೆ ಎಂದು ನಂಬುವುದು ಹೇಗೆ? ಅದಕ್ಕೇ ನಾಲ್ವರು ವೈದ್ಯರ ಮಂಡಳಿ ಪರೀಕ್ಷಿಸಬೇಕು. ವಯಸ್ಕರಲ್ಲಿ ಕನಿಷ್ಠ 6 ಗಂಟೆ ಬಿಟ್ಟು ಮತ್ತೊಮ್ಮೆ. ಕಸಿ ಮಾಡುವ ತಂಡದವರು ಆ ಮಂಡಳಿಯಲ್ಲಿರುವುದಿಲ್ಲ. ಪರೀಕ್ಷೆಯ ಕೊನೆಯಲ್ಲಿ ಆಕ್ಸಿಜನ್ ಮಾತ್ರ ಕೊಟ್ಟು ವೆಂಟಿಲೇಟರನ್ನು ಸ್ವಲ್ಪ ಹೊತ್ತು ಕಳಚುತ್ತಾರೆ. ಮಿದುಳು ನಿಷ್ಕ್ರಿಯವಾಗಿದ್ದರೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟು ಏರಿದರೂ ಒಂದೇ ಒಂದು ಉಸಿರೂ ಬರುವುದಿಲ್ಲ. ಆ ಎದೆ ಏರುತ್ತಿದ್ದದ್ದು ಯಂತ್ರದಿಂದ ಎಂದು ತಿಳಿಯುವುದು ಆಗ. ಇದನ್ನು ಬಿಡಿಸಿ ಹೇಳುವವರಿಲ್ಲದ ಕಡೆ ಒಪ್ಪಿಗೆ ಸಿಗುವುದಿಲ್ಲ, ಅದು ಮನೆಯವರ ತಪ್ಪಲ್ಲ.

ಅಂಗಾಂಗ ಕಸಿಯ ರಾಷ್ಟ್ರೀಯ ಸಂಸ್ಥೆಯಾದ ನೊಟ್ಟೊ ಜಾಲತಾಣದಲ್ಲಿ ಆಧಾರ್ ಮೂಲಕ ನೋಂದಾಯಿಸಬಹುದು, ಬೇಡವೆನಿಸಿದರೆ ಹಿಂಪಡೆಯಬಹುದು. ಆದರೆ ನಿಮ್ಮ ಹೆಸರು ಅಲ್ಲಿದ್ದರೂ ಕೊನೆಗೆ ಕೇಳುವುದು ಗಂಡ, ಹೆಂಡತಿ, ಮಕ್ಕಳು, ಹೆತ್ತವರು, ಒಡಹುಟ್ಟಿದವರನ್ನೇ. ಒಕ್ಕದ (ಕೊಡವ ಮನೆತನದ) ಹಿರಿಯರಾದ ಪಟ್ಟೆದಾರರ ಸಹಿ ಕಾನೂನಿಗೆ ಬೇಕಿಲ್ಲ. ಆದರೆ ಅವರೊಂದು ಮಾತು ಬೇಡ ಎಂದರೆ ಮನೆಯವರು ಹಿಂಜರಿಯುತ್ತಾರೆ. ಅವರಿಗೂ ಮೊದಲೇ ಹೇಳಿಡಿ.

ಅಂಗ ಯಾರಿಗೆ ಎಂಬುದು ರಾಜ್ಯದ ಜೀವಸಾರ್ಥಕತೆ ಸಂಸ್ಥೆಯ ಕಾಯುವವರ ಪಟ್ಟಿಯಂತೆ ನಡೆಯುತ್ತದೆ. ಒಪ್ಪಿಗೆ ಕೊಟ್ಟ ನಂತರದ ದಾನದ ಖರ್ಚು ಮನೆಯವರ ಮೇಲೆ ಬೀಳಬಾರದು. ಬಿಲ್ಲಿನಲ್ಲಿ ಸೇರಿಸಿದ್ದರೆ ಧೈರ್ಯವಾಗಿ ಕೇಳಿ. ಅಪಘಾತದ ಪ್ರಕರಣವಾದರೆ ಮರಣೋತ್ತರ ಪರೀಕ್ಷೆ ಇದ್ದೇ ಇರುತ್ತದೆ. ಒಪ್ಪಿಗೆ ಬರೆದುಕೊಟ್ಟ ಕೂಡಲೇ ಪೊಲೀಸರಿಗೆ ತಿಳಿಸುವಂತೆ ಆಸ್ಪತ್ರೆಯ ದಾನದ ಸಂಯೋಜಕರಿಗೆ ಹೇಳಿ. ಅದು ತಡವಾದರೆ ದೇಹ ಕೈಗೆ ಸಿಗುವುದೂ ತಡವಾಗುತ್ತದೆ, ಊರಿಗೆ ತಲುಪಿ ಸಂಸ್ಕಾರ ಮುಗಿಸಲು ಮರುದಿನವಾಗುತ್ತದೆ.