ಕೆಂಪು ಸುತ್ತಿನ ಕೆಳಗಿನ ಸಾಲುಗಳು

"ಆರು ತಿಂಗಳಾತ್ರಿ ಟಾನಿಕ್ ಕುಡಸ್ಲಿಕತ್ತು. ರಕ್ತ ಏರವಲ್ದು."

ಗದಗ ಕಡೆಯಿಂದ ಈ ವಾರ ಹುಬ್ಬಳ್ಳಿಗೆ ಬಂದಿದ್ದ ತಾಯಿಯ ಈ ಮಾತು ತಲೆಯಿಂದ ಹೋಗುತ್ತಿಲ್ಲ. ಮಗಳಿಗೆ ಮೂರು ವರ್ಷ. ಹಳೆಯ ರಿಪೋರ್ಟುಗಳೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ. ಪ್ರತಿಯೊಂದರಲ್ಲೂ ಹಿಮೋಗ್ಲೋಬಿನ್ ಸುತ್ತ ಕೆಂಪು ಪೆನ್ನಿನ ಗುರುತು. ಕೆಳಗಿನ ಸಾಲುಗಳನ್ನು ಯಾರೂ ನೋಡಿದಂತಿಲ್ಲ. ತಾಯಿಯ ಶ್ರದ್ಧೆಗೆ ಏನೂ ಕಮ್ಮಿಯಿಲ್ಲ, ಕಬ್ಬಿಣದ ಟಾನಿಕ್ ಬರೆದವರ ಓದೇ ಕಮ್ಮಿ.

ಮಗುವಿನ ಹಿಮೋಗ್ಲೋಬಿನ್ 9.8. ಕೆಂಪು ಕಣ 56 ಲಕ್ಷ. ಕಣದ ಸರಾಸರಿ ಗಾತ್ರ ಹೇಳುವ ಎಂಸಿವಿ 58. ಕಣಗಳ ಗಾತ್ರದ ಏರುಪೇರು ಹೇಳುವ ಆರ್‌ಡಿಡಬ್ಲ್ಯೂ 14. ಕಬ್ಬಿಣ ಸಾಲದಿದ್ದರೆ ಕಣಗಳ ಎಣಿಕೆಯೂ ಇಳಿಯುತ್ತದೆ, ಒಂದು ದೊಡ್ಡದು ಒಂದು ಸಣ್ಣದಾಗಿ ಆರ್‌ಡಿಡಬ್ಲ್ಯೂ ಏರುತ್ತದೆ. ಇಲ್ಲಿ ಕಣ ತೀರಾ ಸಣ್ಣವು, ಆದರೆ ಹೆಚ್ಚುಕಡಿಮೆ ಒಂದೇ ಅಳತೆಯವು, ಎಣಿಕೆಯೂ ಜಾಸ್ತಿ. ಎಂಸಿವಿ 58ನ್ನು 5.6ರಿಂದ (56 ಲಕ್ಷ ಎಂದರೆ 5.6 ಮಿಲಿಯನ್ ಕಣ) ಭಾಗಿಸಿದರೆ 10.4. ಈ ಲೆಕ್ಕ 13ಕ್ಕಿಂತ ಕೆಳಗೆ ಬಂದರೆ ಥಲಸ್ಸೀಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ವಂಶದಲ್ಲಿ ಬರುವ ತೊಂದರೆ) ವಾಹಕ ಎಂಬ ಗುಮಾನಿ, ಮೇಲಾದರೆ ಕಬ್ಬಿಣದ ಕೊರತೆಯ ಗುಮಾನಿ. ಗುಮಾನಿ ಅಷ್ಟೇ, ತೀರ್ಪಲ್ಲ.

ಮುಂದೆ ಫೆರಿಟಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ. ಐದು ವರ್ಷದೊಳಗಿನವರಲ್ಲಿ 12ಕ್ಕಿಂತ ಕಡಿಮೆಯಾದರೆ ಕಬ್ಬಿಣದ ದಾಸ್ತಾನು ಖಾಲಿ. ಆದರೆ ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಮ್ಮನೆ ಏರಿ ಮೋಸ ಮಾಡುತ್ತದೆ. ಅದಕ್ಕೇ ಜೊತೆಗೆ ಸೋಂಕು, ಉರಿಯೂತ ಇದ್ದರೆ ಏರುವ ಸಿಆರ್‌ಪಿ ನೋಡಬೇಕು. ಅದು ಹೆಚ್ಚಿದ್ದರೆ ಗೆರೆ 30ಕ್ಕೆ ಸರಿಯುತ್ತದೆ. ಆಮೇಲೆ ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ. ಅದರಲ್ಲಿ ಎ2 ಎಂಬ ಬಗೆಯ ಅಂಶ ಶೇ. 3.5 ದಾಟಿದರೆ ಬೀಟಾ ಥಲಸ್ಸೀಮಿಯಾ ವಾಹಕ. ಕಬ್ಬಿಣದ ಕೊರತೆಯೂ ಜೊತೆಗಿದ್ದರೆ ಎ2 ಇಳಿದು ಕಾಣಬಹುದು, ಮೊದಲು ಅದನ್ನು ತುಂಬಿಸಿ ಮತ್ತೆ ನೋಡಬೇಕು. ಬಿ12 ಸಾಲದ ಮಗುವಿನಲ್ಲಿ ಎಂಸಿವಿ ಏರುತ್ತದೆ, ಬಿ12, ಕಬ್ಬಿಣ ಎರಡೂ ಸಾಲದಿದ್ದರೆ ಮಾತ್ರ ಎಂಸಿವಿ ಸರಿಯಿದ್ದಂತೆಯೇ ಕಾಣುತ್ತದೆ!

"ಏರವಲ್ದು" ಅನ್ನುವುದೂ ಒಂದು ಪರೀಕ್ಷೆಯ ಫಲಿತಾಂಶವೇ. ಕೆಜಿಗೆ 3 ಮಿಲಿಗ್ರಾಂ ಶುದ್ಧ ಕಬ್ಬಿಣ ದಿನವೂ ಹೊಟ್ಟೆಗೆ ಹೋದರೆ ತಿಂಗಳಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಬೇಕು. ಏರದಿದ್ದರೆ ಡೋಸ್ ನೋಡಿ, ಚಹಾ ಅಥವಾ ಹಾಲಿನ ಜೊತೆ ಕೊಟ್ಟರೇ ಕೇಳಿ. ಅದೆಲ್ಲ ಸರಿಯಿದ್ದರೆ ಕಾರಣ ಬೇರೆ ಇದೆ. ಆರು ತಿಂಗಳು ಬೇಕಿರಲಿಲ್ಲ.

ಈ ಹುಡುಗಿಯ ಫೆರಿಟಿನ್ 38, ಸಿಆರ್‌ಪಿ ಸಹಜ, ಎ2 ಶೇ. 5.4. ಟಾನಿಕ್ ನಿಲ್ಲಿಸಿದ್ದಾಯಿತು. ವಾಹಕ ಮಗುವಿಗೆ ಔಷಧ ಬೇಡ, ರಕ್ತ ಕೊಡಿಸುವುದೂ ಬೇಡ.

ಆದರೆ ತಾಯಿ ಮತ್ತೆ ಎರಡು ತಿಂಗಳ ಬಸುರಿ, ಗಂಡ ಸೋದರಮಾವನೇ. ಗಂಡನ ರಕ್ತವನ್ನೂ ನೋಡಬೇಕೆಂದರೆ, "ಅವರಿಗೇನಾಗೇದ್ರಿ, ಗಟ್ಟಿಮುಟ್ಟ ಅದಾರ" ಎಂದಳು. ವಾಹಕರು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಲ್ಲೂ ನಾಲ್ಕರಲ್ಲೊಂದು ಪಾಲು ಥಲಸ್ಸೀಮಿಯಾ ಮೇಜರ್ ಸಾಧ್ಯತೆ, ಅಂದರೆ ಮೂರ್ನಾಲ್ಕು ವಾರಕ್ಕೊಮ್ಮೆ ರಕ್ತ. ಭ್ರೂಣದ ಪರೀಕ್ಷೆ 11ನೇ ವಾರದಿಂದ ಆಗುತ್ತದೆ. ಗಂಡನ ಸಿಬಿಸಿ (ರಕ್ತಕಣಗಳ ಎಣಿಕೆ), ಎಚ್‌ಪಿಎಲ್‌ಸಿ ಎರಡೂ ಅಷ್ಟರೊಳಗೆ ಕೈಯಲ್ಲಿರಬೇಕು.