ಕಡಲ ರಾಜನ ಮನೆ ಕಥೆ

ಇಂಗ್ಲಿಷ್ ಲೇಖಕ ಟೋಲ್ಕಿನ್ ಬರೆದ ಅಲ್ದಾರಿಯೋನ್ ಕಥೆ ಮತ್ತೆ ಓದಿದೆ. ಕಾಲ್ಪನಿಕ ದ್ವೀಪ ನ್ಯೂಮೆನೋರ್‌ನ ಆರನೇ ರಾಜ, ಹುಟ್ಟಾ ಕಡಲಿನವನು. ಅಪ್ಪ ಮೆನೆಲ್ದೂರ್‌ಗೆ ನಕ್ಷತ್ರ ನೋಡೋ ಹುಚ್ಚು, ಮಗನಿಗೆ ಹಡಗಿನ ಹುಚ್ಚು. ನಾವಿಕರ ಸಂಘ ಕಟ್ಟಿದ, ದೂರದ ನದಿಮುಖದಲ್ಲಿ ಬಂದರು ಕಟ್ಟಿಸಿದ. 192 ವರ್ಷ ಆಳಿದ. ಆ ಜನರ ಆಯಸ್ಸೇ ಅಷ್ಟು ಉದ್ದ ಬಿಡಿ!

ನನಗೆ ಕಾಡುವುದು ಮಾತ್ರ ಅವನ ಹೆಂಡತಿ ಎರೆಂದಿಸ್. ಅವಳಿಗೆ ಮರಗಳೆಂದರೆ ಪ್ರಾಣ, ಇವನಿಗೆ ಮರ ಎಂದರೆ ಹಡಗು. ಅಲ್ಲಿ ಒಂದು ಪದ್ಧತಿ ಇತ್ತು. ಹಡಗು ಹೊರಡುವಾಗ ನಾಯಕನ ಮನೆಯ ಹೆಣ್ಣುಮಗಳು ಹಡಗಿನ ಮುಂತುದಿಗೆ ಒಂದು ಹಸಿರು ಕೊಂಬೆ ಕಟ್ಟಬೇಕು, ಕ್ಷೇಮವಾಗಿ ವಾಪಸ್ ಬರಲಿ ಅಂತ. ಒಮ್ಮೆ ಅಲ್ದಾರಿಯೋನ್‌ನ ಅಪ್ಪ ಸಿಟ್ಟಿನಿಂದ ಅದನ್ನೂ ನಿಲ್ಲಿಸಿದಾಗ, ಕೊಂಬೆ ಹಿಡಿದು ಬಂದವಳು ಇದೇ ಎರೆಂದಿಸ್. ಮದುವೆಯಾಯ್ತು, ಮಗಳೂ ಹುಟ್ಟಿದಳು. ಮಗು ನಾಲ್ಕು ವರ್ಷದ್ದಿದ್ದಾಗ ‘ಎರಡು ವರ್ಷದಲ್ಲಿ ಬರ್ತೀನಿ’ ಎಂದು ಹೋದವನು ಬಂದದ್ದು ಐದು ವರ್ಷಕ್ಕೆ. ಅಷ್ಟರಲ್ಲಿ ಅವಳು ಕುರಿ ಮೇಯುವ ಬಯಲಿನ ಮನೆಯಲ್ಲಿ, ಬರೀ ಹೆಂಗಸರ ನಡುವೆ ಮಗಳನ್ನು ಬೆಳೆಸುತ್ತಿದ್ದಳು. ಬಂದ ಗಂಡನನ್ನು ಅತಿಥಿಯ ಹಾಗೆ ಮಾತಾಡಿಸಿದಳು. ಸರಿಯಾಗೇ ಮಾಡಿದಳು ಅನ್ಸುತ್ತೆ, ಆದರೂ ಅಲ್ಲಿಂದ ಇಬ್ಬರೂ ಕಲ್ಲಾಗಿಬಿಟ್ಟರು.

ಗಲ್ಫ್‌ನಲ್ಲೋ ಹಡಗಿನಲ್ಲೋ ಕೆಲಸಕ್ಕೆ ಹೋದವರ ಮನೆಗಳಲ್ಲೂ ಈ ‘ಎರಡೇ ವರ್ಷ’ ಕೇಳಿದ್ದೀವಿ, ಅಲ್ವಾ?

ಇದೇ ರಾಜ ಕಾನೂನು ಬದಲಿಸಿ ಮಗಳಿಗೆ ಪಟ್ಟ ಸಿಗುವ ಹಾಗೆ ಮಾಡಿದ. ಆ ಮಗಳು ಅಂಕಾಲಿಮೆಯೇ ಆ ದ್ವೀಪವನ್ನು ಆಳಿದ ಮೊದಲ ರಾಣಿ. ಅವಳ ಸಂಸಾರವೂ ನೆಟ್ಟಗಾಗಲಿಲ್ಲ, ಅದು ಬೇರೆ ವಿಷಯ.